ಎ.ಸಿ. ಕೊಳ್ಳುವ ಮೊದಲು ತಾರಸಿ ಮುಟ್ಟಿ ನೋಡಿ

ಏಪ್ರಿಲ್ ಬಂತೆಂದರೆ ಮೇಲಿನ ಮಹಡಿಯಲ್ಲಿ ಮಲಗಲಾಗುವುದಿಲ್ಲ ಎಂಬ ದೂರು ನಮ್ಮ ಮನೆಮನೆಗಳಲ್ಲೂ ಕೇಳಿಬರುತ್ತದೆ. ಕೆಲವರು ಚಾಪೆ, ದಿಂಬು ಹಿಡಿದು ಕೆಳಗಿಳಿಯುತ್ತಾರೆ. ಕೆಲವರು ಕಂತಿನಲ್ಲಿ ಎ.ಸಿ. ತರುತ್ತಾರೆ. ಆ ಸೆಕೆ ಎಲ್ಲಿಂದ ಬರುತ್ತಿದೆ ಎಂದು ಹುಡುಕುವವರು ಮಾತ್ರ ಕಡಿಮೆ.

ಹುಡುಕುವುದು ಕಷ್ಟವಲ್ಲ. ರಾತ್ರಿ ಹತ್ತು ಗಂಟೆಗೆ ಫ್ಯಾನ್ ಆರಿಸಿ, ಗಟ್ಟಿಯಾದ ಸ್ಟೂಲಿನ ಮೇಲೆ ನಿಂತು ಸೀಲಿಂಗಿಗೆ ಅಂಗೈ ಇಟ್ಟು ನೋಡಿ. ಸೂರ್ಯ ಮುಳುಗಿ ಮೂರು ಗಂಟೆಯಾದರೂ ಅದು ಬಿಸಿಯಾಗಿದ್ದರೆ ನಿಮ್ಮ ತಾರಸಿಗೆ ಶಾಖ ತಡೆಯುವ ಹೊದಿಕೆ ಬೇಕು ಎಂದರ್ಥ. ಕಾಂಕ್ರೀಟು ಹಗಲಿಡೀ ಬಿಸಿಲು ಹೀರಿಕೊಂಡು, ಕೆಲವು ಗಂಟೆ ತಡವಾಗಿ ಅದನ್ನು ಒಳಗೆ ಬಿಡುತ್ತದೆ. ಫ್ಯಾನು ಆ ಬಿಸಿಯನ್ನೇ ನಿಮ್ಮ ಮೇಲೆ ತಳ್ಳುತ್ತದೆ. ರಾತ್ರಿ ಮನೆಯೊಳಗಿಗಿಂತ ಅಂಗಳ ತಂಪಾಗಿರುವುದು, ಎ.ಸಿ. ಆರಿಸಿದ ಸ್ವಲ್ಪ ಹೊತ್ತಿಗೇ ಕೋಣೆ ಕಾಯುವುದು ಇವೂ ಅದೇ ಸೂಚನೆಗಳು. ಪಶ್ಚಿಮದ ಗೋಡೆ ಮಾತ್ರ ಬಿಸಿಯಾಗಿದ್ದರೆ ಆ ಗೋಡೆಗೆ ನೆರಳು ಸಾಕು. ಮಳೆಗಾಲದ ಬೂಷ್ಟು, ಒದ್ದೆ ಕಲೆಗಳದ್ದು ಬೇರೆ ಕತೆ; ಅಲ್ಲಿ ಮೊದಲು ಸೋರಿಕೆ ನಿಲ್ಲಿಸಬೇಕು.

ಇದು ಬರೀ ಸುಖದ ಪ್ರಶ್ನೆಯಲ್ಲ. ಹಗಲು ಕೆಲಸಕ್ಕೆ ಹೋಗುವ ಗಂಡಸರಿಗೆ ಮನೆಯ ಸೆಕೆಯ ಅರ್ಧ ಮಾತ್ರ ಗೊತ್ತು. ಪೂರ್ತಿ ಅನುಭವಿಸುವವರು ಅಡುಗೆಮನೆಯ ಹೆಂಗಸರು, ತೊಟ್ಟಿಲ ಕೂಸುಗಳು, ಹಾಸಿಗೆ ಹಿಡಿದ ಹಿರಿಯರು. ವಯಸ್ಸಾದವರಿಗೆ ಬಾಯಾರಿಕೆಯ ಅರಿವೇ ಕಡಿಮೆ. ಸಕ್ಕರೆ ಕಾಯಿಲೆ, ಹೃದ್ರೋಗ ಇರುವವರಿಗೂ, ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ನುಂಗುವವರಿಗೂ ಶಾಖದ ಅಪಾಯ ಹೆಚ್ಚು. ಹಗಲು ಬಳಲಿದ ದೇಹ ರಾತ್ರಿ ತಣಿಯಬೇಕು. ರಾತ್ರಿಯೂ ತಣಿಯದಿದ್ದರೆ ಮರುದಿನದ ಬಿಸಿಲನ್ನು ಅದು ತಡೆದುಕೊಳ್ಳಲಾರದು.

ಹಿಂದಿನ ಹೆಂಚಿನ ಮನೆಗಳಲ್ಲಿ ಹಲಗೆಯ ಮುಚ್ಚಿಗೆ, ಅದರ ಮೇಲೆ ಅಟ್ಟ ಇರುತ್ತಿತ್ತು. ಹೆಂಚಿನ ಬಿಸಿ ಬಹುಪಾಲು ಅಟ್ಟದಲ್ಲೇ ಉಳಿಯುತ್ತಿತ್ತು. ನಾವು ಹೆಂಚು ಇಳಿಸಿ ತಾರಸಿ ಹಾಕಿದೆವು, ಅಟ್ಟದ ಕೆಲಸವನ್ನು ಯಾರಿಗೂ ವಹಿಸಲಿಲ್ಲ. ಕೇಂದ್ರ ಸರ್ಕಾರ 2018ರಲ್ಲಿ ತಂದ ‘ಇಕೋ ನಿವಾಸ್ ಸಂಹಿತಾ’ ಎಂಬ ನಿಯಮಾವಳಿ ವಸತಿ ಕಟ್ಟಡಗಳ ಚಾವಣಿ ಎಷ್ಟು ಶಾಖ ಒಳಬಿಡಬಹುದು ಎಂಬುದಕ್ಕೆ ಮಿತಿ ಹಾಕಿದೆ. ಬರಿಯ ಕಾಂಕ್ರೀಟ್ ತಾರಸಿ ಒಳಬಿಡುವುದು ಆ ಮಿತಿಯ ಎರಡು ಪಟ್ಟಿಗೂ ಹೆಚ್ಚು. ನೆರೆಯ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ತಂದಿತು. ನಮ್ಮಲ್ಲಿ ಮನೆ ಕಟ್ಟುವಾಗ ನೆಲದ ಗ್ರಾನೈಟ್, ಮುಂಬಾಗಿಲ ಕೆತ್ತನೆ, ಬಣ್ಣದ ದೀಪಗಳ ಬಗ್ಗೆ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ತಲೆಯ ಮೇಲಿನ ತಾರಸಿಯ ಬಗ್ಗೆ ಮೇಸ್ತ್ರಿಯನ್ನು ಒಂದು ಮಾತೂ ಕೇಳುವುದಿಲ್ಲ. ಈ ಲೆಕ್ಕಾಚಾರ ತಲೆಕೆಳಗಾಗಿದೆ ಎಂಬುದೇ ನನ್ನ ತಕರಾರು.

ಮಾಡಬಹುದಾದದ್ದು ಇಷ್ಟು. ಕೈಯಲ್ಲಿ ಹಣ ಕಡಿಮೆಯಿದ್ದರೆ ಬೇಸಿಗೆಗೆ ಮುಂಚೆ ತಾರಸಿ ತೊಳೆದು ಬಿಳಿ ಸುಣ್ಣ ಬಳಿಯಿರಿ. ಅದು ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ. ಮಳೆಗೆ ತೊಳೆದುಹೋಗುವುದರಿಂದ ವರ್ಷ ವರ್ಷ ಬಳಿಯಬೇಕು. ಅನುಕೂಲವಿದ್ದರೆ ನೀರು ಸೋರದಂತೆ ಭದ್ರಪಡಿಸಿ, ತಾರಸಿಯ ಮೇಲೆ ಗಟ್ಟಿ ಫೋಮ್ ಹಲಗೆ ಹಾಸಿ, ಅದರ ಮೇಲೆ ಗಾರೆ ಹಾಕಿ ತಿಳಿಬಣ್ಣದ ಟೈಲ್ಸ್ ಕೂರಿಸಿ. ಹೊದಿಕೆ ತಾರಸಿಯ ಮೇಲಿದ್ದರೆ ಕಾಂಕ್ರೀಟು ಕಾಯುವುದೇ ಕಡಿಮೆ. ಸೀಲಿಂಗಿಗೆ ಬರಿಯ ಥರ್ಮಾಕೋಲ್ ಅಂಟಿಸಬೇಡಿ, ಅದು ಬೇಗ ಬೆಂಕಿ ಹಿಡಿಯುತ್ತದೆ. ಹಳೆಯ ಕಲ್ನಾರು ಶೀಟಿನ ಮನೆಯಾದರೆ ಶೀಟನ್ನು ಕೊರೆಯಲು, ಉಜ್ಜಲು ಹೋಗಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ.

ಇದ್ಯಾವುದೂ ಈ ವರ್ಷ ಆಗದಿದ್ದರೆ ಒಂದು ಬದಲಾವಣೆಯನ್ನಾದರೂ ಮಾಡಿ. ಹಿರಿಯರ ಮತ್ತು ಮಕ್ಕಳ ಹಾಸಿಗೆಯನ್ನು ಬೇಸಿಗೆ ಮುಗಿಯುವವರೆಗೆ ಕೆಳಗಿನ ಕೋಣೆಗೆ ತನ್ನಿ. ಅತಿಥಿಗಳಿಗೆಂದು ಬೀಗ ಹಾಕಿಟ್ಟ ಕೋಣೆಯೇ ಮನೆಯಲ್ಲಿ ತಂಪಾಗಿದ್ದರೆ, ಅದು ಸಲ್ಲಬೇಕಾದದ್ದು ಅವರಿಗೆ.