ಸೀಟಿ ಯಾರ ಕೈಯಲ್ಲಿ?

ಹೆಣ್ಣುಮಕ್ಕಳು ಸೀಟಿ ಹೊಡೆಯಬಾರದು ಎಂದು ನಮ್ಮ ಕಡೆ ಒಂದು ಮಾತಿದೆ. ಯಾಕೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಮನೆಗೆ ದರಿದ್ರ ಎನ್ನುತ್ತಾರೆ ಕೆಲವರು. ಸಂಜೆ ಹೊತ್ತು ಹೊಡೆದರೆ ಹಾವು ಬರುತ್ತದೆ ಎನ್ನುತ್ತಾರೆ ಇನ್ನು ಕೆಲವರು. ಅದೇ ಮನೆಯ ಗಂಡುಹುಡುಗ ಹಗಲೂ ರಾತ್ರಿ ಸೀಟಿ ಹೊಡೆದುಕೊಂಡು ಓಡಾಡಿದರೂ ಹಾವು ಮಾತ್ರ ಬರುವುದಿಲ್ಲ. ಹೀಗಾಗಿ ನಮ್ಮ ಪಾಲಿಗೆ ಉಳಿದದ್ದು ಒಂದೇ ಸೀಟಿ, ಕುಕ್ಕರಿನದು. ಅದನ್ನೂ ನಾವು ಊದುವುದಿಲ್ಲ. ಎಣಿಸುತ್ತೇವೆ, ಅಷ್ಟೆ.

ನಾನು ಈಗ ಹೇಳಹೊರಟಿರುವುದು ಆಟದ ಮೈದಾನದ ಸೀಟಿಯ ಬಗ್ಗೆ. ನಮ್ಮ ಬೈಲಹೊಂಗಲವಿರಲಿ, ಕಿತ್ತೂರು, ಸವದತ್ತಿ, ರಾಮದುರ್ಗವಿರಲಿ, ಯಾವುದೇ ಊರಿನ ಕ್ರೀಡಾಕೂಟಕ್ಕೆ ಹೋಗಿ ನೋಡಿ. ಬಾಗಿಲಲ್ಲಿ ರಂಗೋಲಿ ಹಾಕಿದವರು ಹೆಂಗಸರು. ಸ್ವಾಗತ ಗೀತೆ ಹೇಳುವವರು ಹೆಂಗಸರು. ಪದಕಗಳ ತಟ್ಟೆ ಹಿಡಿದು ಅತಿಥಿಗಳ ಪಕ್ಕ ಬಿಸಿಲಿನಲ್ಲಿ ನಿಲ್ಲುವವರೂ, ಮೊಣಕಾಲು ಕೆತ್ತಿಕೊಂಡು ಬಂದ ಮಕ್ಕಳಿಗೆ ಅರಿಶಿನ ಬಣ್ಣದ ಔಷಧಿ ಹಚ್ಚುವವರೂ ಹೆಂಗಸರೇ. ಸೀಟಿ ಮಾತ್ರ ಗಂಡಸರ ಕೊರಳಲ್ಲಿ. ಹುಡುಗರ ಪಂದ್ಯಕ್ಕಷ್ಟೇ ಹೀಗಾದರೆ ಹೋಗಲಿ ಎನ್ನಬಹುದಿತ್ತು. ಹುಡುಗಿಯರ ಪಂದ್ಯಕ್ಕೂ ಅವರೇ. ಇದು ಯಾರ ಕಣ್ಣಿಗೂ ವಿಚಿತ್ರವಾಗಿ ಕಾಣುವುದಿಲ್ಲ ಎಂಬುದೇ ನನಗೆ ವಿಚಿತ್ರ.

ನಮ್ಮ ಊರುಗಳ ಹೆಂಗಸರು ಅಂಪೈರಿಂಗ್ ಕಲಿಯಬೇಕು. ಅದರಲ್ಲೂ ಹಾಕಿ ಅಂಪೈರಿಂಗ್ ಕಲಿಯಬೇಕು. ನನ್ನ ವಾದ ಇಷ್ಟೇ.

ಈ ಮಾತು ಹೇಳಿದ ತಕ್ಷಣ ನಮ್ಮ ಓಣಿಯಲ್ಲಿ ನಕ್ಕರು. "ಅಕ್ಕಾರ, ಇಲ್ಲಿ ಹಾಕಿ ಎಲ್ಲೈತ್ರಿ? ಇದು ಕುಸ್ತಿ, ಕಬಡ್ಡಿ, ಖೋಖೋ ನಾಡು" ಎಂದರು. ಮಾತು ಸುಳ್ಳಲ್ಲ. ಹಾಕಿ ಬೆಳೆದದ್ದು ಬೆಳಗಾವಿಯ ದಂಡಿನ ಪ್ರದೇಶದಲ್ಲಿ, ಗದಗ-ಬೆಟಗೇರಿಯಲ್ಲಿ, ಹುಬ್ಬಳ್ಳಿಯ ರೈಲ್ವೆ ಮಂದಿಯ ನಡುವೆ. 1964ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರಿದ್ದರು. ಆ ಹೆಸರು ಬೆಳಗಾವಿಯಿಂದ ಒಂದು ತಾಸಿನ ಬಸ್ಸಿನ ಹಾದಿ ದಾಟಿ ನಮ್ಮೂರಿನ ಎಷ್ಟು ಶಾಲೆಗಳಿಗೆ ತಲುಪಿದೆಯೋ! ಇನ್ನು ನಮ್ಮದು ಎರೆ ನೆಲ. ಮಳೆ ಬಿದ್ದರೆ ಚೆಂಡು ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಬೇಸಿಗೆಯಲ್ಲಿ ನೆಲ ಬಿರಿದು ಸ್ಟಿಕ್ಕೇ ಬಿರುಕಿನಲ್ಲಿ ಸಿಕ್ಕುತ್ತದೆ. ಹತ್ತಿ ಬೆಳೆಯಲು ಇದಕ್ಕಿಂತ ಒಳ್ಳೆಯ ಮಣ್ಣಿಲ್ಲ, ಹಾಕಿ ಆಡಲು ಇದಕ್ಕಿಂತ ಕೆಟ್ಟ ಮಣ್ಣಿಲ್ಲ.

ಆದರೆ ನನ್ನ ವಾದಕ್ಕೆ ಬಲ ಬರುವುದು ಇಲ್ಲಿಂದಲೇ. ಕಬಡ್ಡಿಯಲ್ಲಿ ತಪ್ಪು ತೀರ್ಪು ಕೊಟ್ಟರೆ ಸುತ್ತ ನಿಂತ ಇನ್ನೂರು ಮಂದಿ ಬಾಯಿ ಬಿಡುತ್ತಾರೆ. ಆ ಆಟದ ನಿಯಮ ಕಟ್ಟೆಯ ಮೇಲೆ ಕೂತ ಮುದುಕನಿಗೂ ಗೊತ್ತು. ಹಾಕಿ ಹಾಗಲ್ಲ. ನೋಡುವವರಿಗೆ ನಿಯಮ ಗೊತ್ತಿಲ್ಲ, ಆಡುವ ಮಕ್ಕಳಿಗೆ ಅರ್ಧ ಗೊತ್ತು. ಆಗ ಸೀಟಿ ಹಿಡಿದವನು ಹೇಳಿದ್ದೇ ವೇದ. ಅವನು ನಿಯಮದ ಪುಸ್ತಕ ಓದಿದ್ದಾನೋ ಇಲ್ಲವೋ ಎಂದು ಕೇಳುವವರಾದರೂ ಯಾರು? ಆಟ ಹೊಸದಾಗಿರುವ ಕಡೆಯೇ ಕಲಿತ ಅಂಪೈರ್ ಹೆಚ್ಚು ಬೇಕು.

ನಾನು ಕಣ್ಣಾರೆ ಕಂಡ ಒಂದು ಪಂದ್ಯವಿದೆ. ಯಾವ ಊರು, ಯಾವ ಶಾಲೆ ಎಂದು ಹೇಳುವುದಿಲ್ಲ. ಹುಡುಗಿಯರ ಪಂದ್ಯ. ಆಡುತ್ತಿದ್ದ ಎರಡು ಶಾಲೆಗಳಲ್ಲಿ ಒಂದರ ಮಾಸ್ತರರೇ ಅಂಪೈರ್. ಎರಡು ಮಾರು ದೂರದಿಂದ ಎದುರಿನ ಹುಡುಗಿ ಬೀಸಿ ಹೊಡೆದ ಚೆಂಡು ಮೇಲೆದ್ದು ಬಂದು ಒಂಬತ್ತನೇ ತರಗತಿಯ ಒಂದು ಕೂಸಿನ ಮೊಣಕಾಲಿಗೆ ಬಡಿಯಿತು. ಚಿಪ್ಪು ಒಡೆದ ಸಪ್ಪಳವೇ ಕೇಳಿಸಿದಂತಾಯಿತು ನನಗೆ. ಸೀಟಿ ಕೇಳಲಿಲ್ಲ. "ಆಟ ಅಂದ ಮ್ಯಾಲ ಪೆಟ್ಟು ಬೀಳತಾವು, ನಡೀರಿ ಆಡ್ರಿ" ಎಂಬ ಮಾತು ಕೇಳಿತು. ಅದೇ ಪಂದ್ಯದಲ್ಲಿ ಇನ್ನೊಬ್ಬ ಹುಡುಗಿ ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಬಗ್ಗಿ ನಿಂತಿದ್ದಳು. ಮೈದಾನದಲ್ಲಿದ್ದ ದೊಡ್ಡವರೆಲ್ಲ ಗಂಡಸರು. ಅವಳು ಯಾರಿಗೆ ಏನೆಂದು ಹೇಳಿಯಾಳು? ಓದುತ್ತಿರುವ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಚೆಂಡು ಬಡಿಸಿಕೊಂಡವಳ ತಾಯಿ ಮರುದಿನವೇ "ಇನ್ನ ಕೋಲು ಮುಟ್ಟಬ್ಯಾಡ" ಎಂದರು. ನಾನಾದರೂ ಅದನ್ನೇ ಹೇಳುತ್ತಿದ್ದೆ. ಆ ಹುಡುಗಿಯನ್ನು ಆಟದಿಂದ ಹೊರಗೆ ಕಳಿಸಿದ್ದು ತಾಯಿಯೂ ಅಲ್ಲ, ಚೆಂಡೂ ಅಲ್ಲ. ಊದದೆ ಉಳಿದ ಸೀಟಿ.

ನಿಯಮ ಏನು ಹೇಳುತ್ತದೆ ಎಂದು ಆಮೇಲೆ ತಿಳಿದುಕೊಂಡೆ. ಗೋಲಿನ ಕಡೆಗೆ ಹೊಡೆಯುವಾಗ ಬಿಟ್ಟರೆ, ಬೀಸಿ ಹೊಡೆದು ಚೆಂಡನ್ನು ಬೇಕೆಂದೇ ಎತ್ತುವ ಹಾಗಿಲ್ಲ. 5 ಮೀಟರಿನೊಳಗೆ ಇರುವ ಎದುರಾಳಿಯ ಮೈಮೇಲೆ ಹೋಗುವಂತೆ ಚೆಂಡು ಎತ್ತುವುದು ಅಪಾಯಕಾರಿ ಆಟ. ಸೀಟಿ ಊದಲೇಬೇಕು. ಇಷ್ಟು ಗೊತ್ತಿದ್ದ ಒಬ್ಬರು ಅಂದು ಅಲ್ಲಿದ್ದರೆ ಸಾಕಿತ್ತು.

ಆ ಮೇಲೆಯೇ ನಾವು ಐದಾರು ಹೆಂಗಸರು ಕಲಿಯಲು ಹೊರಟದ್ದು. ಬೆಳಗಾವಿಯಲ್ಲಿ ನಿವೃತ್ತ ಸೈನಿಕರೊಬ್ಬರು ಭಾನುವಾರಗಳಂದು ಹೇಳಿಕೊಟ್ಟರು. ನಾವ್ಯಾರೂ ಹಾಕಿ ಆಡಿದವರಲ್ಲ. ನನಗೆ ನಲವತ್ತಾರು. ನಮ್ಮಲ್ಲಿ ಒಬ್ಬರು ಆಗಲೇ ಅಜ್ಜಿ.

ಮೊದಲ ಪಾಠ ಸೀಟಿಯದು. ಊದಿ ಎಂದರು. ಒಬ್ಬರದೂ ಹೊರಡಲಿಲ್ಲ. ಪೀ ಎಂದು ಸೊಳ್ಳೆಯ ದನಿ. "ಇದು ಸೀಟಿ ಅಲ್ಲ, ಅರ್ಜಿ" ಎಂದರು ಆ ಹಿರಿಯರು. ಗಟ್ಟಿಯಾಗಿ ಊದಿದರೆ ತೀರ್ಪು, ಮೆಲ್ಲಗೆ ಊದಿದರೆ ಸಂಶಯ. ಆಟಗಾರರು ಆ ಸಂಶಯವನ್ನು ನಾಯಿಯಂತೆ ಮೂಸಿ ಹಿಡಿಯುತ್ತಾರೆ. ಐದಾರು ಹೆಂಗಸರ ಪುಪ್ಪುಸದಲ್ಲಿ ಗಾಳಿ ಇರಲಿಲ್ಲವೆ? ಇತ್ತು. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಕರೆಯುವವರು ನಾವು. ಆದರೆ ಹತ್ತು ಜನರ ನಡುವೆ ದನಿ ತಗ್ಗಿಸು ಎಂಬ ಪಾಠವನ್ನು ನಲವತ್ತು ವರ್ಷ ಕಲಿತಿದ್ದೆವು. ಅದನ್ನು ಮರೆಯಲು ಎರಡು ಭಾನುವಾರ ಹಿಡಿಯಿತು.

ಆಮೇಲಿನದೆಲ್ಲ ನಾನು ಅಂದುಕೊಂಡದ್ದಕ್ಕಿಂತ ಸರಳ. ಮೈದಾನ 91.40 ಮೀಟರ್ ಉದ್ದ, 55 ಮೀಟರ್ ಅಗಲ. ಅಂಪೈರುಗಳು ಇಬ್ಬರು, ಒಬ್ಬೊಬ್ಬರಿಗೆ ಅರ್ಧರ್ಧ. ತಂಡಗಳು ಬದಿ ಬದಲಿಸಿದರೂ ಅಂಪೈರ್ ಬದಲಿಸುವುದಿಲ್ಲ. ಈಗಿನ ನಿಯಮದಂತೆ ಹದಿನೈದು ನಿಮಿಷದ ನಾಲ್ಕು ಪಾಳಿ. ಗೋಲಿನ ಮುಂದೆ 14.63 ಮೀಟರಿನ ಒಂದು ಅರೆವೃತ್ತವಿದೆ. ಅದೇ ಅಂಪೈರಿನ ನಿಜವಾದ ಅಡುಗೆಮನೆ. ದಾಳಿ ಮಾಡುವವರು ಆ ಗೆರೆಯ ಒಳಗೆ ಚೆಂಡನ್ನು ಮುಟ್ಟಿದ್ದರೆ ಮಾತ್ರ ಗೋಲು. ಹೊರಗಿನಿಂದ ಹೊಡೆದದ್ದು ಯಾರಿಗೂ ತಾಕದೆ ನೇರ ಬಲೆಗೆ ಹೋದರೆ ಅದು ಗೋಲಲ್ಲ. ರಕ್ಷಿಸುವವರು ಒಳಗೆ ತಪ್ಪು ಮಾಡಿದರೆ ಪೆನಾಲ್ಟಿ ಕಾರ್ನರ್. ಖಚಿತ ಗೋಲನ್ನೇ ತಪ್ಪಿನಿಂದ ತಡೆದರೆ ಪೆನಾಲ್ಟಿ ಸ್ಟ್ರೋಕ್, 6.40 ಮೀಟರಿನಿಂದ. ಸ್ಟಿಕ್ಕಿನ ಚಪ್ಪಟೆ ಬದಿಯಲ್ಲಿ ಆಡಬೇಕು, ಉಬ್ಬಿದ ಬದಿಯಲ್ಲಿ ಆಡುವಂತಿಲ್ಲ. ಹಳಬರು ಆಫ್‌ಸೈಡ್ ಎಂದು ಕೂಗುತ್ತಾರೆ, ಅದು 1990ರ ದಶಕದಲ್ಲೇ ಹೋಯಿತು. ಹೀಗೆ ಹೋದ ನಿಯಮದ ಮೇಲೆ ಈಗಲೂ ಸೀಟಿ ಊದುವವರನ್ನು ನಾನು ನೋಡಿದ್ದೇನೆ!

ಕೈಗಳಿಗೂ ಒಂದು ಭಾಷೆಯಿದೆ. ಫ್ರೀ ಹಿಟ್ಟಿಗೆ ಒಂದು ಕೈ ನೇರ ದಿಕ್ಕು ತೋರಬೇಕು. ಪೆನಾಲ್ಟಿ ಕಾರ್ನರಿಗೆ ಎರಡೂ ಕೈ ಗೋಲಿನ ಕಡೆ. ಗೋಲಾದರೆ ಎರಡೂ ಕೈ ಮೈದಾನದ ನಡುವಿನ ಕಡೆ. ಕೈಯನ್ನು ಎದೆಯ ಅಡ್ಡಕ್ಕೆ ಚಾಚಬಾರದು, ಮೈ ತಿರುಗಿಸಿ ಪೂರ್ತಿ ಚಾಚಬೇಕು. ಇಷ್ಟು ಸಣ್ಣ ಮಾತಿನಲ್ಲಿಯೂ ಎಷ್ಟು ದೊಡ್ಡ ಸಂಗತಿ ಅಡಗಿದೆ ಎಂದು ನನಗೆ ಅನಿಸಿತು. ಜಾತ್ರೆಯ ನೂಕುನುಗ್ಗಲಿನಲ್ಲಿ, ಬಸ್ಸಿನಲ್ಲಿ, ನಾವು ಕೈ ಮಡಚಿ ಮೈ ಕುಗ್ಗಿಸಿ ನಿಲ್ಲುವವರು. ಸಾವಿರ ಕಣ್ಣುಗಳ ಮುಂದೆ ತೋಳು ಪೂರ್ತಿ ಚಾಚಿ ನಿಂತದ್ದು ಮದುವೆಯಾದ ಮೇಲೆ ಅದೇ ಮೊದಲು.

ಎಲ್ಲಕ್ಕಿಂತ ಕಠಿಣವಾದದ್ದು ಸೀಟಿ ಊದದಿರುವುದು. ತಪ್ಪು ನಡೆದರೂ ಅದರಿಂದ ಎದುರಿನವರಿಗೆ ನಷ್ಟವಾಗದಿದ್ದರೆ ಆಟ ಮುಂದುವರಿಯಲು ಬಿಡಬೇಕು. ಅಡ್ವಾಂಟೇಜ್ ಎನ್ನುತ್ತಾರೆ ಅದಕ್ಕೆ. ಹುಡುಗಿಯ ಕಾಲಿಗೆ ಚೆಂಡು ತಾಕಿತು, ಆದರೂ ಎದುರಾಳಿ ಅದನ್ನು ಕಸಿದು ಗೋಲಿನತ್ತ ಓಡುತ್ತಿದ್ದಾಳೆ. ಆಗ ಊದಿದರೆ ಅನ್ಯಾಯ ಆದವಳಿಗೇ ಇನ್ನೊಂದು ಅನ್ಯಾಯ. ಅರ್ಧ ಸೆಕೆಂಡಿನಲ್ಲಿ ಇದನ್ನು ತೂಗಬೇಕು. ಹನ್ನೆರಡು ಮಂದಿಯ ಕೂಡು ಮನೆಯಲ್ಲಿ ಯಾವುದನ್ನು ಕಾಣಬೇಕು, ಯಾವುದನ್ನು ಕಂಡೂ ಬಿಡಬೇಕು ಎಂದು ದಿನವೂ ತೂಗುವವರಿಗೆ ಇದು ಬಾರದ ವಿದ್ಯೆಯೆ?

ಇನ್ನೊಂದು ತಕರಾರು: "ಹೆಂಗಸಿನ ಮಾತು ಗಂಡಸರು ಕೇಳತಾರೇನ್ರಿ?" ಕೇಳದಿದ್ದರೆ ಅದಕ್ಕೆಂದೇ ಕಾರ್ಡುಗಳಿವೆ. ಹಸಿರು ತೋರಿಸಿದರೆ ಎರಡು ನಿಮಿಷ ಹೊರಗೆ, ಹಳದಿಗೆ ಕನಿಷ್ಠ ಐದು ನಿಮಿಷ, ಕೆಂಪಿಗೆ ಆ ಪಂದ್ಯದಲ್ಲಿ ಮತ್ತೆ ಒಳಗೆ ಬರುವಂತಿಲ್ಲ. ಮನೆಯಲ್ಲಿ ಈ ಸೌಲಭ್ಯ ಇಲ್ಲ, ಮೈದಾನದಲ್ಲಿದೆ. ತಮಾಷೆ ಬಿಡಿ. 2022ರ ಡಿಸೆಂಬರಿನಲ್ಲಿ ಕತಾರಿನ ಪುರುಷರ ಫುಟ್ಬಾಲ್ ವಿಶ್ವಕಪ್ಪಿನಲ್ಲಿ ಜರ್ಮನಿ-ಕೋಸ್ಟಾರಿಕಾ ಪಂದ್ಯಕ್ಕೆ ಸೀಟಿ ಊದಿದವರು ಫ್ರಾನ್ಸಿನ ಸ್ಟೆಫನಿ ಫ್ರಪಾರ್. 2023ರ ಜನವರಿಯಲ್ಲಿ ನಮ್ಮ ರಣಜಿ ಟ್ರೋಫಿಯಲ್ಲಿ ಮೂವರು ಹೆಂಗಸರು ಅಂಪೈರುಗಳಾಗಿ ನಿಂತರು. ಭೂಮಿ ಬಾಯಿ ಬಿಡಲಿಲ್ಲ. ಹಾಕಿಯಲ್ಲಂತೂ ಇದು ಹಳೆಯ ಮಾತು. 1927ರಷ್ಟು ಹಿಂದೆಯೇ ಹೆಂಗಸರು ತಮ್ಮದೇ ಅಂತರರಾಷ್ಟ್ರೀಯ ಹಾಕಿ ಒಕ್ಕೂಟ ಕಟ್ಟಿಕೊಂಡಿದ್ದರು. ಅದು ಈಗಿನ ಒಕ್ಕೂಟದಲ್ಲಿ ಸೇರಿದ್ದು 1982ರಲ್ಲಿ.

ಅಷ್ಟು ದೂರ ಯಾಕೆ? ನಮ್ಮ ಕೊಡಗಿನ ಪುಚ್ಚಿಮಂಡ ಅನುಪಮಾ ಅಂತರರಾಷ್ಟ್ರೀಯ ಅಂಪೈರ್ ಆಗಿದ್ದರು. 2005ರಲ್ಲಿ ಚಿಲಿ ದೇಶದ ಸಾಂಟಿಯಾಗೋದಲ್ಲಿ ನಡೆದ ಮಹಿಳೆಯರ ಜೂನಿಯರ್ ವಿಶ್ವಕಪ್ಪಿನಲ್ಲಿ ಸೀಟಿ ಹಿಡಿದು ನಿಂತವರು. 2021ರ ಏಪ್ರಿಲ್‌ನಲ್ಲಿ ಕೋವಿಡ್ ಅವರನ್ನು ಕೊಂಡೊಯ್ದಿತು, ಇನ್ನೂ ನಲವತ್ತರ ಆಸುಪಾಸಿನ ವಯಸ್ಸಿನಲ್ಲಿ. ಅದೇ ವರ್ಷದ ಆಗಸ್ಟ್‌ನಲ್ಲಿ ಟೋಕಿಯೋದಲ್ಲಿ ನಮ್ಮ ಹುಡುಗಿಯರು ಬ್ರಿಟನ್ ಎದುರು 3-4ರಿಂದ ಸೋತು ಕಂಚು ತಪ್ಪಿಸಿಕೊಂಡಾಗ ನಮ್ಮ ಓಣಿಯ ಹೆಂಗಸರೆಲ್ಲ ಟಿ.ವಿ. ಮುಂದೆ ಕಣ್ಣು ಒರೆಸಿಕೊಂಡರು. ಆಡಿದವರಿಗಾಗಿ ಅತ್ತೆವು, ಸರಿ. ಅನುಪಮಾ ಎಂಬ ಹೆಸರು ಅಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೊಡಗಿನ ಮಾತು ಬೇರೆ ಎನ್ನಬಹುದು. 1997ರಿಂದ ಅಲ್ಲಿ ಮನೆತನಗಳ ನಡುವೆ ಹಾಕಿ ಹಬ್ಬ ನಡೆಯುತ್ತ ಬಂದಿದೆ, ಒಂದೇ ತಂಡದಲ್ಲಿ ಹೆಂಗಸರೂ ಗಂಡಸರೂ ಆಡುತ್ತಾರೆ. ನಿಜ, ಆದರೆ ಅದು ಆಕಾಶದಿಂದ ಇಳಿದದ್ದಲ್ಲ. ಯಾರೋ ಒಂದು ವರ್ಷ ಶುರು ಮಾಡಿದ್ದು.

ಹೆಂಗಸರು ಹುಟ್ಟಿನಿಂದಲೇ ನ್ಯಾಯವಂತರು, ಮೃದು ಹೃದಯದವರು, ಆದ್ದರಿಂದ ಸೀಟಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಮಹಿಳಾ ಮಂಡಳದ ನಿಂಬೆಹಣ್ಣು-ಚಮಚೆ ಸ್ಪರ್ಧೆಯ ತೀರ್ಪಿನ ಮೇಲೆ ಎರಡು ವರ್ಷ ಮಾತು ಬಿಟ್ಟವರನ್ನು ನಾನು ಬಲ್ಲೆ. ನ್ಯಾಯ ಕಲಿತು ಬರುವ ವಿದ್ಯೆ. ಕಲಿಯುವ ಬಾಗಿಲು ಇಬ್ಬರಿಗೂ ತೆರೆದಿರಲಿ ಎನ್ನುತ್ತೇನೆ.

ಚೆನ್ನಮ್ಮನ ಹೆಸರು ತೆಗೆಯದೆ ನಮ್ಮ ಕಡೆ ಯಾವ ಭಾಷಣವೂ ಮುಗಿಯುವುದಿಲ್ಲ. ನಾನೂ ಒಮ್ಮೆ ತೆಗೆದುಬಿಡುತ್ತೇನೆ. 1824ರಲ್ಲಿ ಕಿತ್ತೂರಿನ ಕೋಟೆಯಿಂದ ಬ್ರಿಟಿಷರನ್ನು ಎದುರಿಸಿದವಳ ಸಮಾಧಿ ನಮ್ಮೂರಿನಲ್ಲಿದೆ. ಬೆಳವಡಿ ಮಲ್ಲಮ್ಮನ ಊರು ಇಲ್ಲಿಯೇ. ಕಿತ್ತೂರಿನಲ್ಲಿ 1969ರಿಂದ ಹೆಣ್ಣುಮಕ್ಕಳ ಸೈನಿಕ ಶಾಲೆಯಿದೆ, ಹುಡುಗಿಯರು ಕುದುರೆ ಏರುತ್ತಾರೆ. ಪ್ರತಿ ಅಕ್ಟೋಬರಿನಲ್ಲಿ ಖಡ್ಗ ಹಿಡಿದ ಹೆಣ್ಣಿನ ಮೂರ್ತಿಗೆ ಹಾರ ಹಾಕುವ ಕೈಗಳೇ ಸೀಟಿ ಹಿಡಿದ ಹೆಣ್ಣನ್ನು ಕಂಡು "ಕುಂದರ್ರಿ ಅಕ್ಕಾರ, ಬಿಸಲಾಗ ಯಾಕ" ಎಂದು ಕುರ್ಚಿ ತೋರಿಸುತ್ತವೆ. ಆ ಕುರ್ಚಿಯ ಮರ್ಯಾದೆಯಿದೆಯಲ್ಲ, ಬೈಗುಳಕ್ಕಿಂತ ಅದನ್ನು ದಾಟುವುದು ಕಷ್ಟ.

ನಮ್ಮವರ ನೆಪಗಳೂ ಕಡಿಮೆಯಿಲ್ಲ. ಸೀರೆಯುಟ್ಟು ಓಡಲಾಗದು, ನಿಜ. ಟ್ರ್ಯಾಕ್ ಪ್ಯಾಂಟ್ ಹಾಕಿ. ಒಂದು ವಾರ ಓಣಿ ನೋಡುತ್ತದೆ, ಎರಡನೇ ವಾರ ಅದಕ್ಕೆ ಬೇರೆ ಕೆಲಸ ಬರುತ್ತದೆ. ಬಸ್ ಚಾರ್ಜು ಎನ್ನುತ್ತಿದ್ದಿರಿ, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಆ ನೆಪವೂ ಹೋಯಿತು. ಎಲ್ಲರೂ ಯಲ್ಲಮ್ಮನ ಗುಡ್ಡಕ್ಕೇ ಹೋಗಬೇಕೆಂದಿಲ್ಲ, ಒಂದು ಭಾನುವಾರ ಬೆಳಗಾವಿಯ ಮೈದಾನಕ್ಕೂ ಹೋಗಬಹುದು. ದೊಡ್ಡ ತೊಡಕು ಒಂದೇ, ಪುಸ್ತಕದ್ದು. ಅಂತರರಾಷ್ಟ್ರೀಯ ಹಾಕಿ ಒಕ್ಕೂಟದ ನಿಯಮಾವಳಿ ಮೊಬೈಲಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ, ಇಂಗ್ಲಿಷಿನಲ್ಲಿ. ನಮ್ಮ ಶಾಲೆಗಳ ಕಪಾಟಿನಲ್ಲಿ ಅದನ್ನು ಕನ್ನಡದಲ್ಲಿ ನಾನು ಕಂಡಿಲ್ಲ. ಹಾರ-ತುರಾಯಿಯ ಖರ್ಚಿನಲ್ಲಿ ಅದನ್ನು ಕನ್ನಡಕ್ಕೆ ತಂದು ಶಾಲೆಗೊಂದು ಹಂಚಬಹುದು.

ಮತ್ತೊಂದು ಕೋರಿಕೆ ಹೆಡ್‌ಮಾಸ್ತರರಿಗೆ. ಆಡುವ ಶಾಲೆಯ ಮಾಸ್ತರರು ಆ ಪಂದ್ಯಕ್ಕೆ ಅಂಪೈರ್ ಆಗಕೂಡದು. ಹುಡುಗಿಯರ ಪಂದ್ಯಕ್ಕೆ ಇಬ್ಬರಲ್ಲಿ ಒಬ್ಬರಾದರೂ ಕಲಿತ ಹೆಂಗಸು ಇರಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ನಾವು ಕಲಿತ ಆರೂ ಮಂದಿ ಸಹಿ ಮಾಡಿ, ಮೊಬೈಲ್ ನಂಬರು ಸಮೇತ ನಾಲ್ಕೂ ಊರುಗಳ ಶಾಲೆಗಳಿಗೆ ಕೊಟ್ಟು ಬಂದಿದ್ದೇವೆ. ಇದುವರೆಗೆ ಎರಡು ಶಾಲೆಗಳಿಂದ ಫೋನು ಬಂದಿದೆ. ಒಂದು, ಬಹುಮಾನ ವಿತರಣೆಗೆ ಬರುತ್ತೀರಾ ಎಂದು. ಇನ್ನೊಂದು, ಶನಿವಾರ ಮಧ್ಯಾಹ್ನ ಮೂರಕ್ಕೆ ಪಂದ್ಯವಿದೆ, ಸೀಟಿ ನೀವೇ ತರುತ್ತೀರೋ ನಾವು ಕೊಡಬೇಕೋ ಎಂದು.