‘ಬ್ರೇವ್‌ಹಾರ್ಟ್’ ಸಿನಿಮಾದಲ್ಲಿ ಸೇತುವೆ ಎಲ್ಲಿ ಹೋಯಿತು?

ಮುಖಕ್ಕೆ ನೀಲಿ ಬಣ್ಣ ಬಳಿದುಕೊಂಡು, ಕುದುರೆಯ ಮೇಲೆ ಕೂತು ಸೈನಿಕರನ್ನು ಹುರಿದುಂಬಿಸುವ ಮೆಲ್ ಗಿಬ್ಸನ್ ಅವರ ದೃಶ್ಯವನ್ನು ನೀವು ಎಲ್ಲಾದರೂ ನೋಡಿರುತ್ತೀರಿ. 1995ರಲ್ಲಿ ತೆರೆಕಂಡ ‘ಬ್ರೇವ್‌ಹಾರ್ಟ್’ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶನ ಸೇರಿ ಐದು ಆಸ್ಕರ್ ಗೆದ್ದಿತು. ಸ್ಕಾಟ್ಲೆಂಡಿನ ಹೋರಾಟಗಾರ ವಿಲಿಯಂ ವ್ಯಾಲೇಸ್‌ನ ಹೆಸರನ್ನು ಹೊರಗಿನ ಎಷ್ಟೋ ಮಂದಿ ಮೊದಲ ಸಲ ಕೇಳಿದ್ದು ಈ ಸಿನಿಮಾದಲ್ಲೇ. ಇತಿಹಾಸದ ತಪ್ಪುಗಳಿಗೆ ಉದಾಹರಣೆ ಕೊಡಬೇಕೆಂದಾಗ ಥಟ್ಟನೆ ನೆನಪಾಗುವ ಸಿನಿಮಾವೂ ಇದೇ. ‘ಸಿನಿಮಾ ಪಠ್ಯಪುಸ್ತಕವೇನಲ್ಲ, ತಪ್ಪಿದ್ದರೇನಂತೆ?’ ಎನ್ನುವವರ ಮಾತಿನಲ್ಲೂ ಹುರುಳಿದೆ. ಆದರೆ ಎಲ್ಲ ತಪ್ಪುಗಳೂ ಒಂದೇ ತೂಕದವಲ್ಲ.

ಬಟ್ಟೆಯಿಂದಲೇ ಶುರುಮಾಡೋಣ. ಚಿತ್ರದ ಸ್ಕಾಟ್ ಸೈನಿಕರು ಚೌಕಳಿ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ ಪಟ್ಟಿ ಬಿಗಿದಿರುತ್ತಾರೆ. ಇಂಥ ಕಿಲ್ಟ್ ಬಳಕೆಗೆ ಬಂದದ್ದು 16ನೇ ಶತಮಾನದ ಕೊನೆಗೆ, ವ್ಯಾಲೇಸ್ ಸತ್ತು ಹೆಚ್ಚುಕಡಿಮೆ ಮುನ್ನೂರು ವರ್ಷಗಳಾದ ಮೇಲೆ. ನೀಲಿ ಬಣ್ಣ ಇದಕ್ಕೆ ಉಲ್ಟಾ. ಬ್ರಿಟನ್ನಿನ ಜನ ಮೈಗೆ ನೀಲಿ ಬಳಿದುಕೊಳ್ಳುತ್ತಾರೆಂದು ಬರೆದಿಟ್ಟವರು ರೋಮನ್ನರು. ಅದು ವ್ಯಾಲೇಸ್‌ಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಮಾತು. ಇದನ್ನೆಲ್ಲ ನಾವು ದೊಡ್ಡ ಅಪರಾಧವೆಂದು ಎಣಿಸುವುದಿಲ್ಲ. ನೂರಾರು ಜನ ಬಡಿದಾಡುವ ದೃಶ್ಯದಲ್ಲಿ ಯಾರು ಯಾವ ಕಡೆಯವರೆಂದು ನೋಡುಗರಿಗೆ ತಿಳಿಯಬೇಕಲ್ಲ!

ಸ್ಟರ್ಲಿಂಗ್ ಸೇತುವೆಯ ಕದನದ ವಿಷಯ ಮಾತ್ರ ಬೇರೆ. 1297ರ ಸೆಪ್ಟೆಂಬರ್ 11ರಂದು ನಡೆದ ಈ ಕಾಳಗದ ಹೆಸರಿನಲ್ಲೇ ಸೇತುವೆಯಿದೆ. ಸಿನಿಮಾದಲ್ಲಿ ಸೇತುವೆಯೇ ಇಲ್ಲ. ಬಯಲಿನಲ್ಲಿ ಎರಡು ಸೈನ್ಯಗಳು ಎದುರಾಗುತ್ತವೆ. ಸೇತುವೆ ಚಿತ್ರೀಕರಣಕ್ಕೆ ಅಡ್ಡಿಯಾಗುತ್ತಿತ್ತು ಎಂಬ ಸಮಜಾಯಿಷಿ ಕೇಳಿದ ಊರವನೊಬ್ಬ ‘ಇಂಗ್ಲಿಷರಿಗೂ ಹಾಗೇ ಆಗಿತ್ತು’ ಎಂದನಂತೆ. ತಮಾಷೆಯ ಕಥೆಯೇ ಇರಬಹುದು, ಆದರೆ ಇಡೀ ಕದನದ ಗುಟ್ಟು ಅದರಲ್ಲಿದೆ.

ನಡೆದದ್ದು ಹೀಗೆ. ಫೋರ್ತ್ ನದಿಗೆ ಅಲ್ಲಿದ್ದದ್ದು ಕಿರಿದಾದ ಮರದ ಸೇತುವೆ. ಇಬ್ಬರು ಸವಾರರು ಅಕ್ಕಪಕ್ಕದಲ್ಲಿ ಹೋದರೆ ಮೂರನೆಯವನಿಗೆ ಜಾಗವಿರಲಿಲ್ಲ. ಉತ್ತರ ದಡದಾಚೆ ಆ್ಯಬಿ ಕ್ರೇಗ್ ಎಂಬ ಗುಡ್ಡದಲ್ಲಿ ಸ್ಕಾಟರು ಕಾದು ಕುಳಿತಿದ್ದರು. ಇಂಗ್ಲಿಷ್ ಸೈನ್ಯದ ಒಂದು ಭಾಗ ದಾಟಿ ಬರುವವರೆಗೂ ಸುಮ್ಮನಿದ್ದು, ಆಮೇಲೆ ಓಡಿಬಂದು ಸೇತುವೆಯ ಬಾಯನ್ನೇ ಹಿಡಿದರು. ದಾಟಿದವರು ಹಿಂದಿರುಗುವಂತಿಲ್ಲ, ಆಚೆ ಉಳಿದವರು ನೆರವಿಗೆ ಬರುವಂತಿಲ್ಲ. ಭಾರಿ ಕವಚ ತೊಟ್ಟ ಸವಾರರ ಕುದುರೆಗಳಿಗೆ ಆ ಜೌಗು ನೆಲದಲ್ಲಿ ಓಡಲೂ ಆಗಲಿಲ್ಲ. ಇಂಗ್ಲಿಷರ ಖಜಾಂಚಿ ಕ್ರೆಸಿಂಗ್‌ಹ್ಯಾಮ್ ಅಲ್ಲೇ ಸತ್ತ. ಸೇನಾಧಿಪತಿಯಾಗಿದ್ದ ಸರ್ರೆಯ ಅರ್ಲ್ ದಕ್ಷಿಣ ದಡದಿಂದ ಇದನ್ನೆಲ್ಲ ನೋಡಿ ಪಲಾಯನ ಮಾಡಿದ.

ಸೇತುವೆ ತೆಗೆದುಹಾಕಿದರೆ ಏನಾಗುತ್ತದೆ ನೋಡಿ. ನೆಲವನ್ನು ಅರಿತು, ತಾಳ್ಮೆಯಿಂದ ಕಾದು ಗಳಿಸಿದ ಗೆಲುವು ಒಂದು ಆವೇಶದ ಭಾಷಣದಿಂದ ಬಂದ ಗೆಲುವಾಗಿಬಿಡುತ್ತದೆ. ಸೇತುವೆಯ ಜೊತೆಗೆ ಒಬ್ಬ ಮನುಷ್ಯನೂ ಮಾಯವಾಗಿದ್ದಾನೆ. ಆ ದಿನ ವ್ಯಾಲೇಸ್ ಜೊತೆ ಸಮನಾಗಿ ಸೈನ್ಯ ನಡೆಸಿದವನು ಉತ್ತರದ ದಂಗೆಯ ನಾಯಕ ಆ್ಯಂಡ್ರೂ ಮರೆ. ಗೆದ್ದ ಒಂದು ತಿಂಗಳಿಗೆ, ವ್ಯಾಪಾರ ಮತ್ತೆ ಆರಂಭಿಸಬಹುದೆಂದು ಜರ್ಮನಿಯ ಲ್ಯೂಬೆಕ್‌ನ ವರ್ತಕರಿಗೆ ಬರೆದ ಪತ್ರ ಈಗಲೂ ಉಳಿದಿದೆ. ಅದರಲ್ಲಿ ಮೊದಲ ಹೆಸರು ಮರೆಯದು, ಎರಡನೆಯದು ವ್ಯಾಲೇಸನದು. ಕದನದಲ್ಲಿ ಗಾಯಗೊಂಡಿದ್ದ ಮರೆ ಹೆಚ್ಚು ದಿನ ಬದುಕಲಿಲ್ಲ. ಸಿನಿಮಾದಲ್ಲಂತೂ ಅವನು ಹುಟ್ಟಲೇ ಇಲ್ಲ.

ಯುದ್ಧದ ಕಾರಣವೂ ಹೀಗೆಯೇ ಬದಲಾಗಿದೆ. ಚಿತ್ರ ಶುರುವಾಗುವುದು 1280ರಲ್ಲಿ, ಸ್ಕಾಟ್ಲೆಂಡಿನ ರಾಜ ಸತ್ತು ಇಂಗ್ಲೆಂಡಿನ ಒಂದನೇ ಎಡ್ವರ್ಡ್ ದಬ್ಬಾಳಿಕೆ ನಡೆಸುತ್ತಿರುವಂತೆ. ನಿಜಕ್ಕೂ ರಾಜ ಮೂರನೇ ಅಲೆಕ್ಸಾಂಡರ್ ಸತ್ತದ್ದು 1286ರಲ್ಲಿ. ಅವನ ವಾರಸುದಾರಳಾಗಿದ್ದ ಪುಟ್ಟ ಮೊಮ್ಮಗಳೂ 1290ರಲ್ಲಿ ತೀರಿಕೊಂಡಳು. ಸಿಂಹಾಸನಕ್ಕೆ ಹತ್ತಾರು ಮಂದಿ ಹಕ್ಕು ಹೂಡಿದಾಗ, ಪಂಚಾಯಿತಿ ಮಾಡಲು ಎಡ್ವರ್ಡ್‌ನನ್ನು ಕರೆದವರು ಸ್ಕಾಟ್ ಮುಖಂಡರೇ! ಅವನು ತೀರ್ಪು ಕೊಟ್ಟ, ಜೊತೆಗೆ ತಾನೇ ಮೇಲಿನ ಒಡೆಯನೆಂದು ಒಪ್ಪಿಸಿಕೊಂಡ. 1296ರಲ್ಲಿ ದಂಡೆತ್ತಿ ಬಂದ. ಮದುವಣಗಿತ್ತಿಯ ಮೊದಲ ರಾತ್ರಿ ಜಮೀನುದಾರನಿಗೆ ಎಂಬ ಕಾನೂನು ಚಿತ್ರದಲ್ಲಿದೆಯಲ್ಲ, ಅಂಥದ್ದು ಇತ್ತೆನ್ನಲು ಪುರಾವೆಯಿಲ್ಲ. ಇನ್ನು ವ್ಯಾಲೇಸ್‌ನ ಪ್ರೇಯಸಿಯಾಗಿ ಬರುವ ಫ್ರಾನ್ಸಿನ ಇಸಬೆಲ್ಲಾ: ವ್ಯಾಲೇಸ್‌ನನ್ನು ಲಂಡನ್ನಿನಲ್ಲಿ ಕೊಂದ 1305ರಲ್ಲಿ ಅವಳಿಗೆ ಸುಮಾರು ಹತ್ತು ವರ್ಷ. ಮದುವೆಯಾಗಿ ಇಂಗ್ಲೆಂಡಿಗೆ ಬಂದದ್ದೇ 1308ರಲ್ಲಿ.

ಎಲ್ಲವನ್ನೂ ಹಾಲಿವುಡ್ ಮೇಲೆ ಹೊರಿಸುವುದೂ ನ್ಯಾಯವಲ್ಲ. ಚಿತ್ರಕಥೆ ಬರೆದ ರ‍್ಯಾಂಡಲ್ ವ್ಯಾಲೇಸ್ ಆಧರಿಸಿದ್ದು ‘ಬ್ಲೈಂಡ್ ಹ್ಯಾರಿ’ ಎಂಬ ಕವಿಯ ಕಾವ್ಯವನ್ನು. ಅದು ಹುಟ್ಟಿದ್ದು 1470ರ ದಶಕದಲ್ಲಿ, ವ್ಯಾಲೇಸ್ ಸತ್ತು ನೂರೆಪ್ಪತ್ತು ವರ್ಷಗಳ ಮೇಲೆ. ಇಂಗ್ಲೆಂಡಿನ ರಾಣಿ ವ್ಯಾಲೇಸನನ್ನು ಭೇಟಿಯಾಗುವ ಪ್ರಸಂಗ ಅಲ್ಲಿಯೇ ಇದೆ. ಸಿನಿಮಾ ಆ ಹಳೆಯ ಲಾವಣಿಗೆ ಕ್ಯಾಮೆರಾ ಹಿಡಿದಿತು, ಅಷ್ಟೆ.

2018ರ ‘ಔಟ್‌ಲಾ ಕಿಂಗ್’ ಬಟ್ಟೆ, ಕವಚಗಳ ವಿಷಯದಲ್ಲಿ ಎಷ್ಟೋ ವಾಸಿ. ಕೋಟೆಯೊಳಗಿನವರು ಶರಣಾದ ಮೇಲೂ ಎಡ್ವರ್ಡ್ ತನ್ನ ದೈತ್ಯ ಕಲ್ಲೆಸೆಯುವ ಯಂತ್ರವನ್ನು ಪ್ರಯೋಗಿಸಿ ನೋಡುವ ದೃಶ್ಯ ಅದರ ಆರಂಭದಲ್ಲೇ ಬರುತ್ತದೆ. ಕಟ್ಟುಕಥೆಯಂತೆ ಕಂಡರೂ 1304ರಲ್ಲಿ ಸ್ಟರ್ಲಿಂಗ್ ಕೋಟೆಯ ಮುಂದೆ ಅಂಥದ್ದು ನಡೆದಿತ್ತು. ‘ವಾರ್‌ವುಲ್ಫ್’ ಎಂಬ ಆ ಯಂತ್ರವನ್ನು ಪರೀಕ್ಷಿಸದೆ ಶರಣಾಗತಿ ಒಪ್ಪಲು ಅವನು ತಯಾರಿರಲಿಲ್ಲ. ಅದೇ ಚಿತ್ರದ ಕೊನೆಯಲ್ಲಿ ರಾಬರ್ಟ್ ಬ್ರೂಸ್ ಮತ್ತು ಇಂಗ್ಲಿಷ್ ರಾಜಕುಮಾರ ಲೌಡನ್ ಹಿಲ್ ಕದನದಲ್ಲಿ ಕೈಕೈ ಮಿಲಾಯಿಸುತ್ತಾರೆ. ರಾಜಕುಮಾರ ಅಲ್ಲಿರಲೇ ಇಲ್ಲ. ನಾಯಕನಿಗೆ ಎದುರಾಗಲು ಖಳನಾಯಕ ಬೇಕು, ಹಾಗಾಗಿ ಕರೆತಂದರು.

ಇದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ‘ಬ್ರೇವ್‌ಹಾರ್ಟ್’ ಬಂದ ವರ್ಷವೇ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಅದನ್ನು ತನ್ನ ಪ್ರಚಾರಕ್ಕೆ ಬಳಸಿಕೊಂಡಿತು. ಎಡಿನ್‌ಬರೋದಲ್ಲಿ ಪ್ರತ್ಯೇಕ ಸಂಸತ್ತು ಬೇಕೇ ಎಂಬ ಜನಮತ ನಡೆದದ್ದು 1997ರ ಸೆಪ್ಟೆಂಬರ್ 11ರಂದು, ಸ್ಟರ್ಲಿಂಗ್ ಕದನಕ್ಕೆ ಸರಿಯಾಗಿ 700 ವರ್ಷ ತುಂಬಿದ ದಿನ. ಒಂದು ಸಿನಿಮಾದಿಂದ ಮತ ಬಿತ್ತೆಂದು ನಾವು ಹೇಳುತ್ತಿಲ್ಲ. ಆದರೆ ಅದೇ ವರ್ಷ ಆ್ಯಬಿ ಕ್ರೇಗ್ ಗುಡ್ಡದ ಬುಡದಲ್ಲಿ ವ್ಯಾಲೇಸ್‌ನ ಹೊಸ ಪ್ರತಿಮೆಯೊಂದನ್ನು ನಿಲ್ಲಿಸಿದರು. ಅದರ ಮುಖ ಮೆಲ್ ಗಿಬ್ಸನ್ ಅವರದು. ಗುರಾಣಿಯ ಮೇಲೆ ‘ಬ್ರೇವ್‌ಹಾರ್ಟ್’ ಎಂದು ಕೆತ್ತಿತ್ತು. ಸಿಟ್ಟಿಗೆದ್ದ ಯಾರೋ ಅದನ್ನು ಹಾನಿಗೊಳಿಸಿದರು. ಹತ್ತು ವರ್ಷ ಕಳೆದ ಮೇಲೆ ಅಲ್ಲಿಂದ ಸಾಗಿಸಲಾಯಿತು.

ಗುಡ್ಡದ ತುದಿಯಲ್ಲಿ 19ನೇ ಶತಮಾನದಲ್ಲಿ ಕಟ್ಟಿದ ವ್ಯಾಲೇಸ್ ಸ್ಮಾರಕ ಗೋಪುರ ಈಗಲೂ ಇದೆ. ಮೇಲೆ ಹತ್ತಿದವರಿಗೆ ಫೋರ್ತ್ ನದಿಯ ತಿರುವುಗಳು ಕಾಣುತ್ತವೆ. ಅಲ್ಲಿರುವ ಹಳೆಯ ಕಲ್ಲುಸೇತುವೆ ಆಮೇಲಿನದು. ಅದರಿಂದ ಸ್ವಲ್ಪ ಮೇಲ್ಗಡೆ ನದಿಯ ತಳದಲ್ಲಿ, ಮರದ ಸೇತುವೆಯ ಆಧಾರಗಳ ಅವಶೇಷಗಳು ಪುರಾತತ್ವಜ್ಞರಿಗೆ ಸಿಕ್ಕಿವೆ.