ಇಂದೇ ಕೊನೆಯ ದಿನವೆಂದು ಫೋನು ಬಂದರೆ

ಕಥೆಯ ಕೊನೆಯನ್ನು ಪುಸ್ತಕದ ಹೆಸರಿನಲ್ಲೇ ಹೇಳಿಬಿಟ್ಟರೆ ಓದುವವರು ಯಾರು? ಅಮೆರಿಕದ ಲೇಖಕ ಆಡಮ್ ಸಿಲ್ವೇರಾ ಆ ಧೈರ್ಯ ಮಾಡಿದ್ದಾರೆ. 2017ರ ಸೆಪ್ಟೆಂಬರ್ 5ರಂದು, ಅಂದರೆ ನಾವು ಮೇಷ್ಟ್ರುಗಳು ಇಲ್ಲಿ ಶಿಕ್ಷಕರ ದಿನಾಚರಣೆಯ ಹಾರ ಹಾಕಿಸಿಕೊಳ್ಳುತ್ತಿದ್ದ ದಿನ, ಹೊರಬಂದ ಅವರ ಕಾದಂಬರಿಯ ಹೆಸರು 'ದೇ ಬೋತ್ ಡೈ ಅಟ್ ದಿ ಎಂಡ್'. ಕೊನೆಗೆ ಇಬ್ಬರೂ ಸಾಯುತ್ತಾರೆ ಎಂದರ್ಥ. ಹಾಗಾಗಿ ಕೊನೆಯನ್ನು ಮೊದಲೇ ಹೇಳಿಬಿಟ್ಟಿರೆಂದು ಯಾರೂ ನನ್ನ ಮೇಲೆ ಮುನಿಸಿಕೊಳ್ಳುವಂತಿಲ್ಲ. ಪುಸ್ತಕ ಬಂದು ಮೂರು ವರ್ಷವಾದ ಮೇಲೆ, 2020ರಲ್ಲಿ, ಹದಿಹರೆಯದ ಓದುಗರೇ ಟಿಕ್‌ಟಾಕ್‌ನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ಅದನ್ನು ಮತ್ತೆ ಮಾರಾಟದ ಪಟ್ಟಿಗೆ ಏರಿಸಿದರು.

ಕಥೆ ನಡೆಯುವುದು ನ್ಯೂಯಾರ್ಕ್ ನಗರದಲ್ಲಿ. ಅಲ್ಲಿ 'ಡೆತ್-ಕಾಸ್ಟ್' ಎಂಬ ಸಂಸ್ಥೆಯಿದೆ. ಅಂದು ಸಾಯಲಿರುವವರಿಗೆಲ್ಲ ಅದು ಮಧ್ಯರಾತ್ರಿ ಹನ್ನೆರಡರಿಂದ ಮೂರು ಗಂಟೆಯೊಳಗೆ ಫೋನು ಮಾಡಿ ತಿಳಿಸುತ್ತದೆ. ಎಷ್ಟು ಹೊತ್ತಿಗೆ, ಹೇಗೆ ಎಂದು ಮಾತ್ರ ಹೇಳುವುದಿಲ್ಲ. ಹದಿನೆಂಟರ ಮಟೇಯೊಗೆ 12-22ಕ್ಕೆ ಕರೆ ಬರುತ್ತದೆ. ಹದಿನೇಳರ ರೂಫಸ್‌ಗೆ 1-05ಕ್ಕೆ. ಮಟೇಯೊ ಅಂಜುಬುರುಕ. ಅವನ ತಂದೆ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾರೆ. ರೂಫಸ್ ಅಪ್ಪ, ಅಮ್ಮ, ಅಕ್ಕ ಮೂವರನ್ನೂ ಕಳೆದುಕೊಂಡ ಹುಡುಗ. ಕರೆ ಬಂದಾಗ ಯಾರನ್ನೋ ಕೆಡವಿಕೊಂಡು ಹೊಡೆಯುತ್ತಿರುತ್ತಾನೆ. ಕೊನೆಯ ದಿನಕ್ಕೊಬ್ಬ ಗೆಳೆಯನನ್ನು ಹುಡುಕಿಕೊಡುವ ಒಂದು ಆ್ಯಪ್ ಮೂಲಕ ಇವರಿಬ್ಬರ ಪರಿಚಯವಾಗುತ್ತದೆ. ಒಂದೇ ದಿನದಲ್ಲಿ ಸ್ನೇಹ ಬೆಳೆದು ಪ್ರೀತಿಯೂ ಆಗುತ್ತದೆ.

ಓದುತ್ತಿದ್ದಾಗ ನನಗೆ ಪರೀಕ್ಷಿತ ರಾಜ ನೆನಪಾದ. ಏಳು ದಿನದಲ್ಲಿ ತಕ್ಷಕನಿಂದ ಸಾವೆಂದು ತಿಳಿದ ಮೇಲೆ ಮಹಾಭಾರತದ ಪರೀಕ್ಷಿತ ಒಂಟಿ ಕಂಬದ ಮೇಲೆ ಅರಮನೆ ಕಟ್ಟಿಸಿ, ಸುತ್ತ ಕಾವಲಿಟ್ಟು, ಒಳಗೆ ಕೂರುತ್ತಾನೆ. ಭಾಗವತದ ಪರೀಕ್ಷಿತ ಗಂಗೆಯ ದಡದಲ್ಲಿ ಕುಳಿತು ಶುಕಮುನಿಯ ಮಾತು ಕೇಳುತ್ತಾನೆ. ಮಟೇಯೊ ಒಂದೇ ದಿನದಲ್ಲಿ ಈ ಎರಡನ್ನೂ ಮಾಡಿ ನೋಡುತ್ತಾನೆ ಎನ್ನಬಹುದು. ಮೊದಲು ಬಾಗಿಲು ಭದ್ರಮಾಡಿಕೊಂಡು ಮನೆಯೊಳಗೇ ಇರುತ್ತಾನೆ, ಆಮೇಲೆ ಹೊರಗೆ ಕಾಲಿಡುತ್ತಾನೆ.

ವಿಜ್ಞಾನದ ಮೇಷ್ಟ್ರಿಗೆ ಏಳುವ ಪ್ರಶ್ನೆ ಬೇರೆ. ಡೆತ್-ಕಾಸ್ಟ್‌ಗೆ ಇದೆಲ್ಲ ಗೊತ್ತಾಗುವುದು ಹೇಗೆ? ಸಿಲ್ವೇರಾ ಹೇಳುವುದಿಲ್ಲ. ಹೇಳದಿದ್ದುದೇ ಜಾಣತನ. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಕಣ ಸೂರ್ಯಗ್ರಹಣ ಕಾಣುತ್ತದೆಂದು ಖಗೋಳ ವಿಜ್ಞಾನಿಗಳು ದಶಕಗಳ ಮೊದಲೇ ಲೆಕ್ಕಹಾಕಿದ್ದರು, ಹಾಗೆಯೇ ಆಯಿತು. ಆ ಲೆಕ್ಕವನ್ನು ನಾವು ಪತ್ರಿಕೆಯಲ್ಲಿ ಓದಿದೆವೆಂದು ಚಂದ್ರ ದಾರಿ ಬದಲಿಸುವುದಿಲ್ಲ. ಮನುಷ್ಯನ ವಿಷಯ ಹಾಗಲ್ಲ. ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಅವನ ನಡಿಗೆಯೇ ಬೇರೆಯಾಗುತ್ತದೆ. ಕಾದಂಬರಿಯ ಕೊನೆಯನ್ನೇ ನೋಡಿ. ದಿನವೆಲ್ಲ ಸುತ್ತಾಡಿ ಮನೆಗೆ ಮರಳಿದ ಮಟೇಯೊ, ರೂಫಸ್ ಮಲಗಿರುವಾಗ ಚಹಾ ಮಾಡಲೆಂದು ಎದ್ದುಹೋಗುತ್ತಾನೆ. ಕೆಟ್ಟುಹೋಗಿದ್ದ ಒಲೆ ಅವನನ್ನು ಬಲಿ ತೆಗೆದುಕೊಳ್ಳುತ್ತದೆ. ಅವನನ್ನು ಕಳೆದುಕೊಂಡ ರೂಫಸ್, ಗೆಳೆಯನ ವಿಡಿಯೋ ನೋಡುತ್ತ, ಅತ್ತಿತ್ತ ಗಮನವಿಲ್ಲದೆ ರಸ್ತೆ ದಾಟಲು ಹೊರಡುತ್ತಾನೆ. ಕರೆಯೇ ಬಾರದಿದ್ದರೆ ಇವರಿಬ್ಬರ ಭೇಟಿಯೇ ಆಗುತ್ತಿರಲಿಲ್ಲ. ಭೇಟಿಯಾಗದಿದ್ದರೆ ರೂಫಸ್ ಆ ರಸ್ತೆಯಲ್ಲಿ ಇರುತ್ತಿರಲಿಲ್ಲ. ಹಾಗಾದರೆ ಕರೆ ಸಾವನ್ನು ತಿಳಿಸಿತೋ, ತಂದಿತೋ? ಪುಸ್ತಕ ಓದಿರುವ ವಿದ್ಯಾರ್ಥಿಗಳು ಇಬ್ಬರು ಸಿಕ್ಕರೆ ಈ ಪ್ರಶ್ನೆ ಹಾಕಿ ನೋಡಿ. ಗಂಟೆ ಹೊಡೆದರೂ ಜಗಳ ಮುಗಿಯುವುದಿಲ್ಲ.

ಪುಸ್ತಕದಲ್ಲಿ ಬೈಗುಳಗಳಿವೆ, ಹೊಡೆದಾಟವಿದೆ; ಇಬ್ಬರು ಹುಡುಗರ ನಡುವಿನ ಪ್ರೀತಿಯನ್ನು ಮುಚ್ಚುಮರೆಯಿಲ್ಲದೆ ಬರೆಯಲಾಗಿದೆ. ಪೋಷಕರಿಗೆ ಇದು ಮೊದಲೇ ತಿಳಿದಿರಲಿ. ಹಾಗೆಂದು ಒಂಬತ್ತು-ಹತ್ತನೇ ತರಗತಿಯ ಮಕ್ಕಳ ಕೈಯಿಂದ ಇದನ್ನು ಕಿತ್ತುಕೊಳ್ಳಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಮಕ್ಕಳು ಓದಿದ ಮೇಲೆ ನೀವೂ ಒಮ್ಮೆ ಓದಿ. ಮನೆಯಲ್ಲಿ ಇತ್ತೀಚೆಗೆ ಸಾವು ಸಂಭವಿಸಿದ್ದರೆ, ಅಥವಾ ಮಗು ಕೆಲವು ದಿನಗಳಿಂದ ಮಂಕಾಗಿದ್ದರೆ, ಪುಸ್ತಕದ ಮಾತು ಆಮೇಲೆ. ಮೊದಲು ಪಕ್ಕದಲ್ಲಿ ಕುಳಿತು ಮಾತಾಡಿಸಿ.

ನಿಜ ಜೀವನದಲ್ಲಿ ಇಂಥ ಕರೆ ಬರುವುದುಂಟೇ? ಲೆಕ್ಕಾಚಾರವಂತೂ ಇದೆ. ನಡುವಯಸ್ಸಿಗೆ ಬಂದ ಮೇಲೆ ಸಾವಿನ ಸಂಭವನೀಯತೆ ಸುಮಾರು ಎಂಟು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತದೆ. ಈ ಬಗೆಯ ಏರಿಕೆಯ ನಿಯಮವನ್ನು ಇಂಗ್ಲೆಂಡಿನ ಬೆಂಜಮಿನ್ ಗೊಂಪರ್ಟ್ಸ್ 1825ರಲ್ಲೇ ಗುರುತಿಸಿದ್ದ. ಜೀವವಿಮೆಯ ಕಂತು ನಿಂತಿರುವುದು ಇಂಥ ಕೋಷ್ಟಕಗಳ ಮೇಲೆ. ಆದರೆ ಲಕ್ಷ ಜನರಲ್ಲಿ ಎಷ್ಟು ಮಂದಿ ಎಂದು ಹೇಳುವ ಕೋಷ್ಟಕ, ಆ ಮಂದಿ ಯಾರ‍್ಯಾರು ಎಂದು ಹೇಳಲಾರದು.

ಡೆತ್-ಕಾಸ್ಟ್‌ಗೆ ಸ್ವಲ್ಪ ಹತ್ತಿರ ಬರುವುದು ಹಂಟಿಂಗ್ಟನ್ ಕಾಯಿಲೆಯ ಪರೀಕ್ಷೆ. ಇದು ಮಿದುಳನ್ನು ನಿಧಾನವಾಗಿ ಕೆಡಿಸುವ ರೋಗ. ಹೆಚ್ಚಾಗಿ ಮೂವತ್ತರಿಂದ ಐವತ್ತರ ನಡುವೆ ತಲೆದೋರುತ್ತದೆ, ಗುಣಪಡಿಸುವ ಮದ್ದಿಲ್ಲ. ತಂದೆ-ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ, ನಾಣ್ಯ ಚಿಮ್ಮಿದಂತೆ. ಅಮೆರಿಕದ ನ್ಯಾನ್ಸಿ ವೆಕ್ಸ್‌ಲರ್ ಅವರ ತಾಯಿ ಈ ಕಾಯಿಲೆಯಿಂದ 1978ರಲ್ಲಿ ತೀರಿಕೊಂಡರು. ಮಗಳು ವೆನೆಜುವೆಲಾದ ಮರಕೈಬೋ ಸರೋವರದ ದಡದ ಹಳ್ಳಿಗಳಿಗೆ ವರ್ಷವರ್ಷವೂ ಹೋಗಿ, ರೋಗವಿದ್ದ ದೊಡ್ಡ ಕುಟುಂಬಗಳ ವಂಶವೃಕ್ಷ ಬರೆದು, ರಕ್ತದ ಮಾದರಿ ಸಂಗ್ರಹಿಸಿದರು. ಆ ನೆರವಿನಿಂದ 1983ರಲ್ಲಿ ನಾಲ್ಕನೆಯ ವರ್ಣತಂತುವಿನಲ್ಲಿ ಅದರ ಜಾಡು ಸಿಕ್ಕಿತು; 1993ರಲ್ಲಿ ವಂಶವಾಹಿಯೇ ಪತ್ತೆಯಾಯಿತು. ಅದರಲ್ಲಿ 'ಸಿಎಜಿ' ಎಂಬ ಮೂರಕ್ಷರದ ತುಣುಕು 40 ಅಥವಾ ಅದಕ್ಕಿಂತ ಹೆಚ್ಚು ಸಲ ಮರುಕಳಿಸಿದ್ದರೆ, ಸಾಮಾನ್ಯ ಆಯುಷ್ಯ ಬದುಕಿದವರಿಗೆ ರೋಗ ತಪ್ಪದು. ಯಾವ ವರ್ಷ, ಯಾವ ದಿನ ಎಂದು ಮಾತ್ರ ಈ ಪರೀಕ್ಷೆಯೂ ಹೇಳದು.

ಪರೀಕ್ಷೆ ಬರುವ ಮೊದಲು ಕೇಳಿದಾಗ, ಆ ಕುಟುಂಬಗಳಲ್ಲಿ ಹೆಚ್ಚಿನವರು ಮಾಡಿಸಿಕೊಳ್ಳುತ್ತೇವೆ ಎಂದಿದ್ದರು. ಬಂದ ಮೇಲೆ ಬ್ರಿಟನ್ನಿನಲ್ಲಿ ಐವರಲ್ಲೊಬ್ಬರೂ ಮುಂದೆ ಬರಲಿಲ್ಲ. ತಿಳಿಯದೆ ಇರುವುದನ್ನೇ ಆರಿಸಿಕೊಂಡ ಈ ಜನರನ್ನು ಹೇಡಿಗಳೆನ್ನಲು ನನಗೆ ಬಾಯಿ ಬಾರದು. ಸ್ವತಃ ನ್ಯಾನ್ಸಿ ವೆಕ್ಸ್‌ಲರ್ ಸಂಶೋಧನೆ ಮುಂದುವರಿಸಿಕೊಂಡು ಹೋಗಿ, 2020ರಲ್ಲಿ ತಮಗೂ ಆ ಕಾಯಿಲೆ ಇದೆಯೆಂದು ಲೋಕಕ್ಕೆ ತಿಳಿಸಿದರು.

ರೋಗಲಕ್ಷಣವಿಲ್ಲದ, ಹದಿನೆಂಟು ತುಂಬದ ಮಕ್ಕಳಿಗೆ, ಅಪ್ಪ ಅಮ್ಮ ಎಷ್ಟೇ ಬೇಡಿಕೊಂಡರೂ ಈ ಪರೀಕ್ಷೆ ಮಾಡಬಾರದೆಂದು ವೈದ್ಯರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ದೊಡ್ಡವರಿಗೂ ಮೊದಲು ಆಪ್ತಸಮಾಲೋಚನೆ. ರಕ್ತ ಕೊಟ್ಟ ಮೇಲೂ, ವರದಿ ಸಿದ್ಧವಾದ ಮೇಲೂ, ನನಗೆ ತಿಳಿಯುವುದು ಬೇಡ ಎಂದು ಎದ್ದುಹೋಗಬಹುದು. ಮಟೇಯೊ, ರೂಫಸ್ ಇಬ್ಬರನ್ನೂ ಹಾಗೆ ಯಾರೂ ಕೇಳಿರಲಿಲ್ಲ.